ಎರಡನೇ ಅಧ್ಯಕ್ಷರ ಸಂಜೆಯ ಸೀಸೆ

ಸತ್ತ ಮೇಲೂ ಜನರಿಗೆ ಬೇಸರ ಹಿಡಿಸುವ ಶಕ್ತಿ ಎಲ್ಲ ನಾಯಕರಿಗೂ ಇರುವುದಿಲ್ಲ. ದೇಶದ ಎರಡನೇ ಅಧ್ಯಕ್ಷರಿಗೆ ಅದು ಧಾರಾಳವಾಗಿತ್ತು. ಅವರ ಜೀವನಚರಿತ್ರೆ ಒಂಬತ್ತು ಸಂಪುಟಗಳಲ್ಲಿದೆ. ಒಂಬತ್ತರಲ್ಲೂ ಅವರು ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಾರೆ, ತಣ್ಣೀರು ಸುರಿದುಕೊಳ್ಳುತ್ತಾರೆ, ಬೇಯಿಸಿದ ತರಕಾರಿ ತಿನ್ನುತ್ತಾರೆ, ಕಡತಗಳಿಗೆ ಸಹಿ ಹಾಕುತ್ತಾರೆ. ಯುದ್ಧ ಮಾಡಲಿಲ್ಲ, ಜೈಲಿಗೆ ಹೋಗಲಿಲ್ಲ, ಯಾರನ್ನೂ ಕಟ್ಟಿಕೊಂಡು ಓಡಿಹೋಗಲಿಲ್ಲ. ಕೊನೆಗೆ ತೀರಿಕೊಂಡದ್ದೂ ಒಂದು ಭಾನುವಾರ, ಯಾರಿಗೂ ಒಂದು ದಿನದ ರಜೆ ಹೆಚ್ಚಿಗೆ ಸಿಗದ ಹಾಗೆ.

ಇಂಥ ಮಹಾನುಭಾವರು ಬಾಳಿದ ಮನೆಯನ್ನು ಸರ್ಕಾರ ಸ್ಮಾರಕ ಮಾಡಿತ್ತು. ಏಳು ಕೋಣೆ, ಪ್ರತಿ ಕೋಣೆಗೂ ಅಡ್ಡ ಒಂದು ಕೆಂಪು ಹಗ್ಗ, ಏಳಕ್ಕೂ ಸೇರಿ ಒಬ್ಬ ಗೈಡು. ಆ ಗೈಡಿಗೆ ಅಪ್ಪ ಅಮ್ಮ ಇಟ್ಟ ಹೆಸರೇನೋ ಇತ್ತು. ಆದರೆ ಬಂದವರು ಆಕಳಿಸುವುದಕ್ಕೆ ಮುಂಚೆಯೇ "ಬನ್ನಿ ಬನ್ನಿ, ಮುಂದಿನ ಕೋಣೆ" ಎಂದು ದಾಟಿಸಿಬಿಡುತ್ತಿದ್ದುದರಿಂದ ಊರಿನ ಬಾಯಲ್ಲಿ ಅವರು ಮುಂದಿನಕೋಣೆಯವರಾಗಿದ್ದರು. ಹತ್ತೊಂಬತ್ತು ವರ್ಷದ ನೌಕರಿ, ಹತ್ತೊಂಬತ್ತು ವರ್ಷವೂ ತಾತ್ಕಾಲಿಕ. ಸ್ಮಾರಕದ ಹಿಂದುಗಡೆಯ ಎರಡು ಕೋಣೆಯ ಮನೆಯೂ ನೌಕರಿಗೆ ಅಂಟಿಕೊಂಡದ್ದು. ನೌಕರಿ ಹೋದರೆ ಮರುದಿನ ಪಾತ್ರೆಪಡಗ ಬೀದಿಗೆ ಬರುತ್ತಿತ್ತು. ಈ ವರ್ಷ ಮಾತ್ರ ಅವರನ್ನು ಖಾಯಂ ಮಾಡುವ ಕಡತ ಹೇಗೋ ಕಣ್ಣುಬಿಟ್ಟು, ಮೇಜಿನಿಂದ ಮೇಜಿಗೆ ತೆವಳುತ್ತ, ನಿರ್ದೇಶಕರ ಮೇಜಿನವರೆಗೆ ಬಂದು ಕೂತಿತ್ತು.

ಈಗ ಸೀಸೆಯ ವಿಷಯ. ದಿನವಿಡೀ ಕೂಗಿ ಕೂಗಿ ಮುಂದಿನಕೋಣೆಯವರ ಗಂಟಲು ಕಟ್ಟುತ್ತಿತ್ತು. ಅವರ ಹೆಂಡತಿ ಕಷಾಯ ಮಾಡುವುದರಲ್ಲಿ ಎತ್ತಿದ ಕೈ. ಶುಂಠಿ, ಮೆಣಸು, ಜೇನುತುಪ್ಪ, ಜೊತೆಗೆ ಯಾರಿಗೂ ಹೇಳದ ಒಂದು ಕಹಿ ಬೇರು. ಹನ್ನೊಂದು ವರ್ಷದ ಹಿಂದೆ ಆಕೆ ಅದನ್ನು ಒಂದು ಹಳೆಯ ಹಸಿರು ಸೀಸೆಗೆ ತುಂಬಿ, ಬೆಂಡಿನ ಮೇಲೆ ಅಡುಗೆಮನೆಯ ಹಳೇ ಪರದೆಯ ಚೂರು ಸುತ್ತಿ, "ಸಂಜೆ ಬರೋವಾಗ ಇದು ಖಾಲಿ ಆಗಿರ್ಬೇಕು ನೋಡಿ" ಎಂದು ಕೈಗಿಟ್ಟರು. ಅವರು ಒಂದು ಗುಟುಕು ಕುಡಿದರು. ಕಣ್ಣಲ್ಲಿ, ಮೂಗಲ್ಲಿ, ಕಿವಿಯಲ್ಲಿ ಏಕಕಾಲಕ್ಕೆ ನೀರು ಬಂದಂತಾಯಿತು. ಇನ್ನೊಂದು ಗುಟುಕಿಗೆ ಧೈರ್ಯ ಸಾಲದೆ ಸೀಸೆ ಹಿಡಿದು ನಾಯಕರ ಓದುವ ಕೋಣೆಯಲ್ಲಿ ನಿಂತಿದ್ದಾಗಲೇ ಜಗಲಿಯಲ್ಲಿ ಬೂಟಿನ ಸದ್ದು ಕೇಳಿಸಿತು. ವಸ್ತುಗಳ ಎಣಿಕೆಗೆ ಇಲಾಖೆಯವರು ಬಂದಿದ್ದರು. ಗೋಡೆಯ ಮೇಲೆ ಬೋರ್ಡಿತ್ತು: ಕೋಣೆಗಳೊಳಗೆ ತಿಂಡಿ, ಪಾನೀಯ ತಂದ ಸಿಬ್ಬಂದಿಯನ್ನು ತಕ್ಷಣ ವಜಾ ಮಾಡಲಾಗುವುದು. ಗಾಬರಿಯಲ್ಲಿ ಅವರು ಸೀಸೆಯನ್ನು ನಾಯಕರ ಗಾಜಿನ ಕಪಾಟಿಗೆ ತಳ್ಳಿಬಿಟ್ಟರು.

ಇಲಾಖೆಯ ಗುಮಾಸ್ತರು ಕಪಾಟು ತೆಗೆದರು, ಕನ್ನಡಕ ಏರಿಸಿದರು, ರಿಜಿಸ್ಟರಿನಲ್ಲಿ ಬರೆದರು: 'ವಸ್ತು ಸಂಖ್ಯೆ ಇನ್ನೂರ ಹದಿನಾಲ್ಕು. ಹಸಿರು ಸೀಸೆ, ಒಂದು. ಬಾಯಿಗೆ ನೀಲಿ ಚೌಕಳಿಯ ಪುರಾತನ ವಸ್ತ್ರ. ಒಳಗೆ ಕಂದು ದ್ರವ, ಮುಕ್ಕಾಲು ಪಾಲು.' ಹಿತ್ತಾಳೆಯ ಬಿಲ್ಲೆ ಕಟ್ಟಿದರು, ಬೀಗ ಹಾಕಿದರು. ಅಲ್ಲಿಗೆ ಕಷಾಯ ರಾಷ್ಟ್ರದ ಆಸ್ತಿಯಾಯಿತು. ಬಿಲ್ಲೆ ಬಿದ್ದ ವಸ್ತುವನ್ನು ಅಲುಗಾಡಿಸಿದರೆ ಕಳ್ಳತನ. ಅದು ನನ್ನದು ಎಂದರೆ ವಜಾ. ಸುಮ್ಮನಿದ್ದರೆ ಸಂಬಳ. ಮುಂದಿನಕೋಣೆಯವರು ವಿವೇಕಿಗಳು, ಸುಮ್ಮನಿದ್ದರು.

ಮನೆಯಲ್ಲಿ, ಸೀಸೆ ಕೈಜಾರಿ ಒಡೆಯಿತು ಎಂದರು. ಮರುದಿನದಿಂದ ತಗಡಿನ ಡಬ್ಬಿಯಲ್ಲಿ ಬಂತು ಕಷಾಯ. ಅದನ್ನು ದಿನಾ ಸಂಜೆ ಹಿತ್ತಲಲ್ಲಿ ನಾಯಕರು ಸ್ವಹಸ್ತದಿಂದ ನೆಟ್ಟ ನಿಂಬೆ ಗಿಡದ ಬುಡಕ್ಕೆ ಹೊಯ್ದು, ಬಾಯೊರೆಸಿಕೊಂಡು ಮನೆಗೆ ಹೋಗುತ್ತಿದ್ದರು.

"ಕುಡಿದ್ರಾ?"

"ಕುಡಿದೆ ಕಣೆ. ಒಂದು ಹನಿ ಬಿಟ್ಟಿಲ್ಲ."

"ನೋಡಿ ಮತ್ತೆ, ಗಂಟಲು ಗಂಟೆ ಹಾಗಿದೆ!" ಎಂದು ಆಕೆ ಬೀಗುತ್ತಿದ್ದರು. ಬೀದಿಯಲ್ಲಿ ಯಾರಿಗೆ ಕೆಮ್ಮಾದರೂ ಆಕೆಯ ಕಷಾಯವೇ ಆಗಬೇಕು. ಯಾರಾದರೂ ಕಹಿ ಎಂದು ಮುಖ ಕಿವುಚಿದರೆ, "ನಮ್ಮನೇವ್ರನ್ನ ನೋಡಿ. ವರ್ಷಗಟ್ಟಲೆಯಿಂದ ತುಟಿಪಿಟಕ್ಕೆನ್ನದೆ ಕುಡೀತಿದಾರೆ" ಎಂದು ಗಂಡನನ್ನೇ ಸಾಕ್ಷಿಗೆ ನಿಲ್ಲಿಸುತ್ತಿದ್ದರು. ಒಣಗಿಹೋಗುತ್ತದೆಂದು ಇಲಾಖೆ ಕೈಬಿಟ್ಟಿದ್ದ ನಿಂಬೆ ಗಿಡವಂತೂ ಮಾಳಿಗೆ ಮುಟ್ಟುವಷ್ಟು ಬೆಳೆದಿತ್ತು.

ಹೀಗೆ ಎಲ್ಲವೂ ಸುಖವಾಗಿರುವಾಗ ವಾರಪತ್ರಿಕೆಯ ವರದಿಗಾರ್ತಿಯೊಬ್ಬಳು ಬಂದಳು.

"ಸಾರ್, ಗತಿಸಿದ ನಾಯಕರ ಮೆಚ್ಚಿನ ಮದ್ಯಗಳು ಅಂತ ಒಂದು ಲೇಖನ ಮಾಡ್ತಿದೀನಿ. ಮೊದಲನೇ ಅಧ್ಯಕ್ಷರು ಬ್ರಾಂಡಿ. ಮೂರನೆಯವರು ವಿಸ್ಕಿ, ಅದೂ ಸ್ನಾನಕ್ಕೆ ಮುಂಚೆ. ನಾಲ್ಕನೆಯವರು ಏನು ಕೊಟ್ರೂ ಬೇಡ ಅಂತಿರ್ಲಿಲ್ಲ. ಎರಡನೆಯವರದ್ದು ಮಾತ್ರ ಖಾಲಿ ಇದೆ. ಏನು ಕುಡೀತಿದ್ರು?"

"ನೀರು" ಎಂದು ಬಾಯಿಗೆ ಬಂದಿತ್ತು. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಅವರ ಮಾನವೂ ಉಳಿಯುತ್ತಿತ್ತು. ಆದರೆ ಆಕೆ ಇನ್ನೊಂದು ಮಾತು ಸೇರಿಸಿದಳು: "ಮೊದಲನೇ ಅಧ್ಯಕ್ಷರ ಮನೆ ಗೈಡು ಹೇಳಿದ್ರು, ಅಲ್ಲಿ ಹೋಗಿ ಏನು ಮಾಡ್ತೀರಮ್ಮ, ಅವರದ್ದು ಬರೀ ಸಪ್ಪೆ ನಾಯಕ, ಗೈಡೂ ಸಪ್ಪೆ ಅಂತ."

ಆ ಮೊದಲನೇ ಅಧ್ಯಕ್ಷರ ಮನೆಯ ಗೈಡು ಬೇರೆ ಯಾರೂ ಅಲ್ಲ, ಮುಂದಿನಕೋಣೆಯವರ ಷಡ್ಡಕ, ಅವರ ಹೆಂಡತಿಯ ಅಕ್ಕನ ಗಂಡ. ಖಾಯಂ ನೌಕರ. ಹಿತ್ತಾಳೆ ಗುಂಡಿಯ ಕೋಟು ಬೇರೆ. ಮನೆಗೆ ಬಂದಾಗಲೆಲ್ಲ ಕಾಲ ಮೇಲೆ ಕಾಲು ಹಾಕಿ, "ನಮ್ಮ ಅಧ್ಯಕ್ಷರು ಬ್ರಾಂಡಿ ಹೀರ್ತಾ ಹೀರ್ತಾನೇ ಎರಡು ಯುದ್ಧ ಗೆದ್ರು. ನಿಮ್ಮೋರು ತರಕಾರಿ ತಿಂದು ಏನು ಗೆದ್ರಪ್ಪಾ?" ಎಂದು ಕೇಳುವುದು ಅವರ ವಾಡಿಕೆ. ಮುಂದಿನಕೋಣೆಯವರ ಬೆನ್ನುಹುರಿ ತಾನಾಗಿ ನೆಟ್ಟಗಾಯಿತು.

"ಸಪ್ಪೆಯಾ?" ಎಂದರು. "ಬನ್ನಿ ಇಲ್ಲಿ. ಈ ಕಪಾಟು ನೋಡಿ. ವಸ್ತು ಸಂಖ್ಯೆ ಇನ್ನೂರ ಹದಿನಾಲ್ಕು. ಸಂಜೆ ಆರು ಹೊಡೀತಿದ್ದ ಹಾಗೆ ಒಂದು ಲೋಟ. ಯಾರಿಗೂ ಗೊತ್ತಿರಲಿಲ್ಲ. ದೇಶದ ಎಲ್ಲಾ ದೊಡ್ಡ ತೀರ್ಮಾನಾನೂ ಆರೂಕಾಲಕ್ಕೆ ಆಗಿದ್ದು ಯಾಕೆ ಅಂದ್ಕೊಂಡ್ರಿ?"

"ಅಯ್ಯಯ್ಯೋ! ಏನು ಸಾರ್ ಅದು?"

"ಅದು..." ಮುಂದಿನಕೋಣೆಯವರು ಸೀಸೆ ನೋಡಿದರು, ಚಾವಣಿ ನೋಡಿದರು. "ಬೇರಿನ ಮದ್ಯ. ಹೆಸರಿಲ್ಲ. ಹೆಸರಿಡುವಷ್ಟು ಅಗ್ಗದ ಮಾಲಲ್ಲ ಅದು. ಬನ್ನಿ, ಮುಂದಿನ ಕೋಣೆ."

ಆಡಿದ ಮಾತು, ಒಡೆದ ಮುತ್ತು ಎರಡೂ ಒಂದೇ. ಅದರಲ್ಲೂ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವುದು ಪತ್ರಿಕೆಯವರ ಕುಲಧರ್ಮ. ಮುಂದಿನ ವಾರ ಮುಖಪುಟದಲ್ಲೇ ಬಂತು: 'ಸಪ್ಪೆ ನಾಯಕನ ಖಾರದ ಗುಟ್ಟು.' ಪಕ್ಕದಲ್ಲಿ ಸೀಸೆಯ ಚಿತ್ರ. ಸೀಸೆಯ ಗಾಜಿನಲ್ಲಿ ಮುಂದಿನಕೋಣೆಯವರ ಮೂಗು ಮಸುಕಾಗಿ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಸಾಲು! ಹತ್ತೊಂಬತ್ತು ವರ್ಷದಲ್ಲಿ ಶಾಲೆಯವರು ಅಟ್ಟಿಕೊಂಡು ಬಂದ ಮಕ್ಕಳು, ಮಳೆ ಬಂದು ಒಳಗೆ ಸೇರಿಕೊಂಡವರು, ಇವರ ಹೊರತು ಯಾರೂ ಬಾರದಿದ್ದ ಮನೆಗೆ ಬೀದಿಯ ತಿರುವಿನವರೆಗೂ ಜನ. ಯಾರಿಗೂ ನಾಯಕರ ಮೇಜು ಬೇಡ, ಮಂಚ ಬೇಡ, ಒಂಬತ್ತು ಸಂಪುಟ ಬೇಡ. "ಸೀಸೆ ಎಲ್ರೀ, ಸೀಸೆ?" ಇದೊಂದೇ. ಮುಂದಿನಕೋಣೆಯವರು ಮೊದಲ ಸಲ "ನಿಧಾನಕ್ಕೆ ನೋಡಿ, ಅವಸರವೇನಿಲ್ಲ" ಎಂದರು. ಮಧ್ಯಾಹ್ನದ ಹೊತ್ತಿಗೆ ನಾಯಕರು ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು ಎಂದು ಅವರಿಗೆ ತಿಳಿದುಬಂತು. ಸಂಜೆಯ ಹೊತ್ತಿಗೆ, ಕುಡಿಯುವಾಗ ಕಿರುಬೆರಳು ಎತ್ತುತ್ತಿದ್ದರು ಎಂಬುದೂ ಖಚಿತವಾಯಿತು.

ಷಡ್ಡಕ ಆವತ್ತೇ ಓಡಿಬಂದರು. ಕೋಟಿನ ಗುಂಡಿ ಒಂದು ತಪ್ಪು ಕಾಜಕ್ಕೆ ಬಿದ್ದಿತ್ತು.

"ಏನ್ರೀ ಇದು ಅನ್ಯಾಯ! ನಮ್ಮಲ್ಲಿ ಇವತ್ತು ನಾಲ್ಕೇ ಜನ. ಅದರಲ್ಲಿ ಇಬ್ರು ನಿಮ್ಮನೆ ದಾರಿ ಕೇಳೋಕೆ ಬಂದಿದ್ರು!"

"ಏನು ಮಾಡೋದು ಭಾವ," ಎಂದರು ಮುಂದಿನಕೋಣೆಯವರು, ಕಾಲ ಮೇಲೆ ಕಾಲು ಹಾಕಿ. "ಬ್ರಾಂಡಿ ಎಲ್ಲಾ ಅಂಗಡೀಲೂ ಸಿಗುತ್ತೆ."

ಅವರ ಹೆಂಡತಿಗೆ ಮಾತ್ರ ಸಂತೋಷವಾಗಲಿಲ್ಲ. ಕುಡಿತವೆಂದರೆ ಆಕೆಗೆ ಆಗದು, ಆ ಪತ್ರಿಕೆಯನ್ನು ಮುಟ್ಟಿಯೂ ನೋಡಿರಲಿಲ್ಲ. "ಥೂ! ಅಷ್ಟು ದೊಡ್ಡ ಮನುಷ್ಯ ಅಂತ ಅವರ ಅಂಗಳ ದಿನಾ ಗುಡಿಸ್ತಿದ್ದೆ. ಹೆಂಡಗುಡುಕನ ಅಂಗಳ! ನೀವು ಆ ಸೀಸೆ ಹತ್ತಿರ ನಿಲ್ಬೇಡಿ, ವಾಸನೆ ಬಡಿದೀತು. ಅಂದ ಹಾಗೆ, ಕಷಾಯ ಕುಡಿದ್ರಾ?"

"ಕುಡಿದೆ ಕಣೆ."

ಮೂರನೇ ದಿನ ಸ್ಮಾರಕದ ಮೆಟ್ಟಿಲ ಮೇಲೆ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಚಾಪೆ ಹಾಸಿ ಉಪವಾಸ ಕೂತರು. ಅವರು ಎರಡನೇ ಅಧ್ಯಕ್ಷರ ಆದರ್ಶ ಅನುಯಾಯಿಗಳ ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳು, ಇದ್ದೊಬ್ಬ ಸದಸ್ಯರು. ನಲವತ್ತು ವರ್ಷದಿಂದ ನಾಯಕರ ಹಾಗೆ ನಾಲ್ಕಕ್ಕೆದ್ದು ತಣ್ಣೀರು ಸುರಿದುಕೊಂಡು ಸಂಪಾದಿಸಿದ ಒಂದು ಅಪ್ಪಟ ಕೆಮ್ಮು ಅವರಲ್ಲಿತ್ತು.

"ನಾಯಕರು ಮದ್ಯ... ಖೊಕ್... ಮುಟ್ಟಿದವರಲ್ಲ! ಈ ಗೈಡನ್ನು... ಖೊಕ್ ಖೊಕ್... ವಜಾ ಮಾಡುವವರೆಗೂ ನಾನು... ಖೊಕ್... ಏಳುವುದಿಲ್ಲ!"

ಜನ ಅವರನ್ನೂ ನೋಡಿದರು. ಸೀಸೆ ನೋಡುವ ಸಾಲು ಉದ್ದವಿದ್ದುದರಿಂದ ಕಾಯುವ ಹೊತ್ತಿಗೆ ಅವರ ಉಪವಾಸ ಒಳ್ಳೆಯ ಕಾಲಕ್ಷೇಪವಾಯಿತು.

ನಾಲ್ಕನೇ ದಿನ ನಾಯಕರ ಮೊಮ್ಮಗ ಕಾರಿನಲ್ಲಿ ಬಂದಿಳಿದ. ತಾತನ ಮನೆಗೆ ಆತ ಕಾಲಿಟ್ಟದ್ದು ಅದೇ ಮೊದಲು. ಬಚ್ಚಲು ಎಲ್ಲಿ ಎಂದು ಗೈಡನ್ನೇ ಕೇಳಬೇಕಾಯಿತು. ಬಂದವನೇ ಸೀಸೆಯ ಮುಂದೆ ನಿಂತು ಕಣ್ಣೊರೆಸಿಕೊಂಡ.

"ಇದೇ! ಇದೇ ಸೀಸೆ! ತಾತ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಇದರ ಪಾಕ ಹೇಳ್ಕೊಟ್ಟಿದ್ರು. ಇದು ನಮ್ಮ ಮನೆತನದ ಮದ್ಯ. ತಾತನ ಹೆಸರಲ್ಲಿ ಕಾರ್ಖಾನೆ ಹಾಕ್ತೀನಿ!"

ನಾಯಕರು ತೀರಿಕೊಂಡಾಗ ಈತನಿಗೆ ಎರಡು ತಿಂಗಳು ಎಂದು ಒಂಬತ್ತನೇ ಸಂಪುಟದಲ್ಲಿದೆ. ಅದನ್ನು ಓದಿದ್ದವರು ದೇಶದಲ್ಲಿ ಇಬ್ಬರೇ. ಒಬ್ಬರು ಮೆಟ್ಟಿಲ ಮೇಲೆ ಉಪವಾಸವಿದ್ದರು, ಇನ್ನೊಬ್ಬರು ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ. ತಾನು ಹೇಳಿದ ಸುಳ್ಳಿಗೆ ಸಾಕ್ಷಿ ಹೇಳಲು ಬಂದವನನ್ನು ಸುಳ್ಳ ಎನ್ನುವುದಾದರೂ ಹೇಗೆ?

ಐದನೇ ದಿನ ನಿರ್ದೇಶಕರು ಕರೆಸಿದರು. ಮೇಜಿನ ಮೇಲೆ ಬಲಗಡೆ ಖಾಯಂ ಕಡತ, ಎಡಗಡೆ ಹೆಡ್‌ಮಾಸ್ತರರ ದೂರು.

"ನೋಡಪ್ಪಾ ಮುಂದಿನಕೋಣೆ," ಎಂದರು, "ಈ ಸ್ಮಾರಕ ಶುರುವಾದಾಗಿಂದ ಇಷ್ಟು ಜನ ಬಂದಿರ್ಲಿಲ್ಲ. ಮಂತ್ರಿಗಳು ಫೋನ್ ಮಾಡಿ ನನ್ನ ಬೆನ್ನು ತಟ್ಟಿದ್ರು. ಆದ್ರೆ ಈ ಮಾಸ್ತರು ಸತ್ತುಗಿತ್ತರೆ ಅದೇ ಬೆನ್ನಿಗೆ ಗುದ್ದು. ಅದಕ್ಕೆ ಸಮಿತಿ ಮಾಡಿದೀನಿ. ನಾನು, ಮಾಸ್ತರು, ಮೊಮ್ಮಗ. ಶನಿವಾರ ಎಲ್ಲರೆದುರು ಸೀಸೆ ಬಿಚ್ಚೋದು, ಒಂದೊಂದು ಚಮಚ ರುಚಿ ನೋಡೋದು. ಮದ್ಯ ಆದ್ರೆ ಈ ಬಲಗಡೆ ಕಡತಕ್ಕೆ ಅಲ್ಲೇ ಸಹಿ. ಅಲ್ಲ ಅಂತಾದ್ರೆ ಎಡಗಡೇದಕ್ಕೆ ಸಹಿ, ಭಾನುವಾರ ಮನೆ ಖಾಲಿ ಮಾಡು. ಸರಿ ತಾನೆ?"

"ಸಾರ್, ಬಿಲ್ಲೆ ಕಟ್ಟಿದ ವಸ್ತು... ಬಿಚ್ಚಬಾರದು ಅಂತ ನಿಯಮ..."

"ನಿಯಮಕ್ಕೆ ನಾನೇ ಮೂರು ಸಹಿ ಹಾಕ್ಕೊಂಡಿದೀನಿ. ನಡಿ."

ಮುಂದಿನಕೋಣೆಯವರು ಶನಿವಾರದವರೆಗೆ ಅನುಭವಿಸಿದ್ದು ಶತ್ರುವಿಗೂ ಬೇಡ. ಬಾಯಿಬಿಟ್ಟರೆ ನೌಕರಿ ಹೋಗುತ್ತದೆ, ಮನೆ ಹೋಗುತ್ತದೆ. ಅದಾದರೂ ಹಾಳಾಗಲಿ, ಹನ್ನೊಂದು ವರ್ಷ ಕಷಾಯ ಕುಡಿದೇ ಇಲ್ಲವೆಂಬುದು ಹೆಂಡತಿಗೆ ಗೊತ್ತಾಗುತ್ತದೆ! ಬಾಯಿಮುಚ್ಚಿಕೊಂಡಿದ್ದರೆ ಹನ್ನೊಂದು ವರ್ಷ ಹಳಸಿದ ಕಷಾಯ ಕುಡಿದು, ಉಪವಾಸದ ಹೊಟ್ಟೆಯ ಮುದುಕ ಮಾಸ್ತರರು ಗೊಟಕ್ಕೆಂದರೆ? ಅತ್ತ ದರಿ, ಇತ್ತ ಪುಲಿ. ಹೇಗಾದರೂ ಹೆಂಡತಿಯೊಬ್ಬಳು ಆ ದಿನ ಅಲ್ಲಿಗೆ ಬಾರದಿದ್ದರೆ ಸಾಕೆಂದು, "ಅಲ್ಲಿ ಬರೀ ಹೆಂಡದ ವಾಸನೆ ಇರುತ್ತೆ ಕಣೆ, ನೀನು ಬರ್ಬೇಡ" ಎಂದರು.

ಬರಬೇಡ ಎಂದ ಮೇಲೆ ಬಾರದೆ ಇರುತ್ತಾರೆಯೇ? ಶನಿವಾರ ಸಂಜೆ ಆರಕ್ಕೆ ಓದುವ ಕೋಣೆಯಲ್ಲಿ ಇರುವೆಗೂ ಜಾಗವಿರಲಿಲ್ಲ. ಕೆಂಪು ಹಗ್ಗದ ಪಕ್ಕ, ಮೊದಲ ಸಾಲಿನಲ್ಲಿ, ಮೂಗಿಗೆ ಬಟ್ಟೆ ಹಿಡಿದುಕೊಂಡು ಆಕೆ. ಪಕ್ಕದಲ್ಲಿ ಅವರ ಅಕ್ಕ ಮತ್ತು ಭಾವ. ಭಾವ ಅಂದು ಎಲ್ಲ ಗುಂಡಿಗಳನ್ನೂ ಸರಿಯಾಗಿ ಹಾಕಿದ್ದರು. ಸೋಲು ನೋಡುವ ಆಸೆಗೆ ಮನುಷ್ಯ ಎಷ್ಟು ಅಚ್ಚುಕಟ್ಟಾಗುತ್ತಾನೆ!

ನಿರ್ದೇಶಕರು ಕಪಾಟಿನ ಬೀಗ ತೆಗೆದು ಸೀಸೆಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದರು. ಮೊದಲು ಇತಿಹಾಸದ ಪ್ರಾಧ್ಯಾಪಕರಾಗಿದ್ದವರು, ಸಭೆ ಕಂಡರೆ ಬಿಡುವವರಲ್ಲ.

"ಮಹನೀಯರೇ, ಈ ವಸ್ತ್ರ ಗಮನಿಸಿ. ನೀಲಿ ಚೌಕಳಿ. ಈ ನೇಯ್ಗೆ ಈಗ ಎಲ್ಲೂ ಇಲ್ಲ. ಬಹುಶಃ ವಿದೇಶಿ ದೊರೆಯೊಬ್ಬನ ಕಾಣಿಕೆ. ಅಂಚಿನಲ್ಲಿ ಈ ಸುಟ್ಟ ಗುರುತು ನೋಡಿ, ಇದು ಆ ಕಾಲದ ಮೊಹರಿನ ಅರಗಿನದು..."

ಮುಂದಿನಕೋಣೆಯವರು ಹೆಂಡತಿಯ ಮುಖ ನೋಡಿದರು. ಮೂಗಿಗೆ ಹಿಡಿದ ಬಟ್ಟೆ ಮೆಲ್ಲಗೆ ಕೆಳಗಿಳಿಯಿತು. ಆ ಪರದೆಯ ಉಳಿದರ್ಧ ಇವತ್ತಿಗೂ ಆಕೆಯ ಅಡುಗೆಮನೆಯ ಕಿಟಕಿಯಲ್ಲಿ ನೇತಾಡುತ್ತಿತ್ತು. ಸುಟ್ಟದ್ದು ಹಾಲು ಉಕ್ಕಿದ ದಿನ, ಒಲೆಯ ಕಿಡಿಗೆ.

ನಿರ್ದೇಶಕರು ಬೆಂಡು ಕಿತ್ತರು. ಟಪ್ ಎಂದಿತು. ಶುಂಠಿಯ ಘಾಟು ಕೋಣೆಗೆಲ್ಲ ಹರಡಿತು. ಹೆಡ್‌ಮಾಸ್ತರರು ಚಮಚ ಹಿಡಿದು, "ಸತ್ಯಕ್ಕಾಗಿ ನಾನು... ಖೊಕ್... ವಿಷಕ್ಕೂ ಸಿದ್ಧ" ಎಂದು ಬಾಯಿ ತೆರೆದರು.

ಆ ತೆರೆದ ಬಾಯಿ, ಆ ಬೊಚ್ಚು ಬಾಯಿ, ಮುಂದಿನಕೋಣೆಯವರಿಗೆ ತಡೆಯಲಾಗಲಿಲ್ಲ. ನೌಕರಿ ಹೋದರೆ ಹೋಗಲಿ, ಮುದುಕನ ಪಾಪ ಬೇಡವೆನಿಸಿತು. ಹಗ್ಗ ಹಾರಿ ಮಾಸ್ತರರ ಕೈ ಹಿಡಿದುಕೊಂಡರು.

"ಕುಡೀಬೇಡಿ ಮೇಷ್ಟ್ರೇ! ಅದು ಮದ್ಯ ಅಲ್ಲ! ನಾಯಕರದ್ದೂ ಅಲ್ಲ! ನನ್ನ ಹೆಂಡತಿ ಮಾಡಿದ ಕೆಮ್ಮಿನ ಕಷಾಯ! ಹನ್ನೊಂದು ವರ್ಷದ ಹಿಂದೆ ಹೆದರ್ಕೊಂಡು ನಾನೇ ಒಳಗಿಟ್ಟೆ. ಆಮೇಲೆ ಗುಮಾಸ್ತರು ಬಿಲ್ಲೆ ಕಟ್ಟಿಬಿಟ್ರು. ನಾನು ಹೇಳಿದ್ದೆಲ್ಲಾ ಸುಳ್ಳು. ಲೋಟ ಸುಳ್ಳು, ಕಿರುಬೆರಳು ಸುಳ್ಳು, ಆರೂಕಾಲೂ ಸುಳ್ಳು!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕೋಣೆ ಬಿದ್ದುಹೋಗುವಂಥ ನಗು.

"ಅಬ್ಬಬ್ಬಾ, ಏನು ಸ್ವಾಮಿನಿಷ್ಠೆ!" ಎಂದರು ಯಾರೋ. "ನಾಯಕರ ಮರ್ಯಾದೆ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೊಳ್ತಿದಾನೆ!"

"ಕಷಾಯ ಅಂತೆ!" ಮೊಮ್ಮಗ ಹೊಟ್ಟೆ ಹಿಡಿದುಕೊಂಡ. "ನಮ್ಮ ಮನೆತನದ ಪಾಕ ಕಣಯ್ಯಾ ಇದು!"

ನಿರ್ದೇಶಕರು ಕರುಣೆಯಿಂದ ಮುಂದಿನಕೋಣೆಯವರ ಭುಜ ತಟ್ಟಿದರು. "ಪಾಪ, ಐದು ದಿನದಿಂದ ಜನರ ಗಲಾಟೆ, ನಿದ್ದೆ ಇಲ್ಲ. ರಿಜಿಸ್ಟರಿನಲ್ಲಿ ಪುರಾತನ ವಸ್ತ್ರ ಅಂತ ಬರೆದಿದೆ. ರಿಜಿಸ್ಟರು ಸುಳ್ಳು ಹೇಳುತ್ತಾ?"

ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದ್ದರು. ಅಷ್ಟು ದೊಡ್ಡ ಸಭೆಯಲ್ಲಿ ಅದನ್ನು ನಂಬಿದವರು ಒಬ್ಬರೇ ಒಬ್ಬರು. ಅವರು ಮೊದಲ ಸಾಲಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

ಷಡ್ಡಕ ಅವಕಾಶ ಬಿಡುತ್ತಾರೆಯೇ? "ಹೆಂಡ್ತಿ ಇಲ್ಲೇ ಇದಾರಲ್ಲ, ಕೇಳಿಬಿಡಿ ಸಾರ್!" ಎಂದು ಕೂಗಿದರು.

"ಸರಿ," ಎಂದರು ನಿರ್ದೇಶಕರು. "ಏನಮ್ಮಾ, ನೀವೇ ಹೇಳಿ. ಇದು ನಿಮ್ಮ ಕಷಾಯಾನಾ?"

ಆಕೆ ಸೀಸೆ ನೋಡಿದರು. ಬಟ್ಟೆಯ ಚೂರು ನೋಡಿದರು. ಗಾಜಿನ ಕಿಟಕಿಯಾಚೆ, ಮಾಳಿಗೆ ಮುಟ್ಟುವಷ್ಟು ಬೆಳೆದ ನಿಂಬೆ ಗಿಡವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಕೊನೆಗೆ ಗಂಡನನ್ನು ನೋಡಿದರು. ಮುಂದಿನಕೋಣೆಯವರು ಕಣ್ಣು ಮುಚ್ಚಿಕೊಂಡು, ಪಾತ್ರೆಪಡಗ ಕಟ್ಟಲು ಎಷ್ಟು ಚೀಲ ಬೇಕೆಂದು ಲೆಕ್ಕ ಹಾಕತೊಡಗಿದರು.

"ನನ್ನ ಕಷಾಯ ಹೇಗಾದೀತು ಸಾರ್?" ಎಂದರು ಆಕೆ, ಸ್ಪಷ್ಟವಾಗಿ, ಕೊನೆಯ ಸಾಲಿಗೂ ಕೇಳುವಂತೆ. "ನನ್ನ ಕಷಾಯಾನ ನಮ್ಮನೇವ್ರು ದಿನಾ ಕುಡಿದು ಖಾಲಿ ಮಾಡ್ತಾರಲ್ಲ. ಹನ್ನೊಂದು ವರ್ಷದಿಂದ ಒಂದು ಹನಿ ಬಿಟ್ಟಿಲ್ಲ. ಅವರೇ ದಿನಾ ಸಂಜೆ ಹೇಳ್ತಾರೆ. ಅವರೇನು ನನ್ನ ಹತ್ರ ಸುಳ್ಳು ಹೇಳ್ತಾರಾ?"

ಮುಂದಿನಕೋಣೆಯವರ ಕಾಲಿನ ಕೆಳಗೆ ನೆಲ ಉಳಿಯಿತು. ಆದರೆ ಆ ನೆಲದ ಮೇಲೆ ನಿಲ್ಲುವುದು ಇನ್ನು ಸುಲಭವಲ್ಲವೆಂದು ಅವರಿಗೆ ಅರ್ಥವಾಯಿತು.

"ಕುಡೀರಿ ಮೇಷ್ಟ್ರೇ," ಎಂದು ಆಕೆ ಸೇರಿಸಿದರು. "ಯಾರು ಮಾಡಿದ್ದೋ ಏನೋ, ಕೈಗುಣ ಇದ್ದೋರು ಮಾಡಿರೋ ಹಾಗಿದೆ. ಏನೂ ಆಗಲ್ಲ."

ಜೇನುತುಪ್ಪ ಹಾಕಿದ ಕಷಾಯ ಹನ್ನೊಂದು ವರ್ಷ ಕಪಾಟಿನಲ್ಲಿ ಕೂತು ಏನೇನು ಯೋಚಿಸಿತ್ತೋ ಯಾರು ಬಲ್ಲರು? ಮೊದಲ ಚಮಚಕ್ಕೆ ಮೊಮ್ಮಗನ ಕಿವಿ ಕೆಂಪಾಯಿತು. "ಬೆಂಕಿ! ಸಾಕ್ಷಾತ್ ಬೆಂಕಿ! ಅಪ್ಪಟ ಮದ್ಯ!" ಎಂದು ಕೂಗಿದ. ನಿರ್ದೇಶಕರು ಒಂದು ಚಮಚ ತೆಗೆದುಕೊಂಡು, ಖಚಿತಪಡಿಸಲು ಎರಡು, ವರದಿಗಾಗಿ ಮೂರು ತೆಗೆದುಕೊಂಡರು. ಹುಟ್ಟಿದಾಗಿನಿಂದ ಇಂಥದ್ದನ್ನು ಮುಟ್ಟದ ಹೆಡ್‌ಮಾಸ್ತರರು ಖಾಲಿ ಹೊಟ್ಟೆಗೆ ನಾಲ್ಕು ಚಮಚ ಹಾಕಿಕೊಂಡು ಎದ್ದು ನಿಂತರು.

"ಇದು ಮದ್ಯವಲ್ಲ! ಔಷಧ! ದಿವ್ಯೌಷಧ! ನಾಯಕರು ದೇಶಕ್ಕಾಗಿ ಈ ಕಹಿಯನ್ನು ದಿನಾ ನುಂಗಿದರು. ಇನ್ನೊಂದು ಚಮಚ ಕೊಡಿ, ನನಗೂ ದೇಶಕ್ಕಾಗಿ ನುಂಗುವ ಮನಸ್ಸಾಗಿದೆ!"

ಇಷ್ಟುದ್ದ ಮಾತಿನಲ್ಲಿ ಒಂದು ಸಲವೂ ಖೊಕ್ ಎನ್ನಲಿಲ್ಲವೆಂಬುದನ್ನು ಎಲ್ಲರೂ ಗಮನಿಸುವ ಮುನ್ನವೇ ಅವರು ಷಡ್ಡಕರ ಕೊರಳಪಟ್ಟಿ ಹಿಡಿದು, "ನಿಮ್ಮ ಬ್ರಾಂಡಿಗೆ ಈ ಗುಣ ಇದೆಯೇನ್ರೀ?" ಎಂದು ಕೇಳುತ್ತಿದ್ದರು. ಹಿತ್ತಾಳೆ ಗುಂಡಿಯೊಂದು ಕಿತ್ತು ಎಲ್ಲೋ ಉರುಳಿತು. ಮುಂದಿನಕೋಣೆಯವರ ಹೆಂಡತಿ ಹೆಮ್ಮೆ ತಡೆಯಲಾರದೆ ಅಕ್ಕನ ಪಕ್ಕೆ ತಿವಿದರು. ಯಾಕೆ ತಿವಿದಳೆಂದು ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ನಿರ್ದೇಶಕರು ಜೇಬಿನಿಂದ ಲೇಖನಿ ತೆಗೆದರು. ಮದ್ಯವೋ ಔಷಧವೋ ಎಂಬ ಬಗ್ಗೆ ಸಮಿತಿಯಲ್ಲಿ ಭಿನ್ನಾಭಿಪ್ರಾಯವಿದ್ದರೂ ಇನ್ನೊಂದು ಚಮಚ ಬೇಕೆಂಬ ಬಗ್ಗೆ ಒಮ್ಮತವಿದ್ದುದರಿಂದ, ಬಲಗಡೆಯ ಕಡತಕ್ಕೆ ಸಹಿ ಬಿತ್ತು. ಸಹಿ ಸ್ವಲ್ಪ ಸೊಟ್ಟಗಿತ್ತು. ಹತ್ತೊಂಬತ್ತು ವರ್ಷಕ್ಕೆ ಮುಂದಿನಕೋಣೆಯವರು ಖಾಯಂ ಆದರು. ಕಣ್ಣು ತುಂಬಿ ಬಂತು, ಹೆಂಡತಿಯ ಕಡೆ ತಿರುಗಿದರು. ಆಕೆ ಆಗಲೇ ನಿರ್ದೇಶಕರ ಮುಂದೆ ಕೈಮುಗಿದು ನಿಂತಿದ್ದರು.

"ಸಾರ್, ಒಂದು ಮಾತು. ಬರೋ ಜನಕ್ಕೆ ಬರೀ ಸೀಸೆ ತೋರಿಸಿದ್ರೆ ಏನು ಚೆನ್ನ? ನಾಯಕರು ಹೇಗೆ ಕುಡೀತಿದ್ರು ಅಂತ ದಿನಾ ಸಂಜೆ ಆರಕ್ಕೆ ಕುಡಿದೇ ತೋರಿಸ್ಬೇಕು. ಮದ್ಯ ಬೇಡ, ನಾನು ಕಷಾಯ ಮಾಡಿ ಕೊಡ್ತೀನಿ, ಬಣ್ಣ ಒಂದೇ ಥರ ಇರುತ್ತೆ. ನಮ್ಮನೇವ್ರಿಗೆ ಹೇಗೂ ಹನ್ನೊಂದು ವರ್ಷದ ಅಭ್ಯಾಸ ಇದೆ."

"ಭಲೇ!" ಎಂದರು ನಿರ್ದೇಶಕರು. "ಆದೇಶದಲ್ಲೇ ಬರೆದುಬಿಡ್ತೀನಿ. ಪೂರ್ತಿ ಲೋಟ!"

ಮನೆಗೆ ಹೋದ ಮೇಲೆ ಆಕೆ ಬೈಯಲಿಲ್ಲ, ಅಳಲಿಲ್ಲ. ಪರದೆಯ ಉಳಿದರ್ಧವನ್ನು ಕಿಟಕಿಯಿಂದ ಬಿಚ್ಚಿ, ಮಡಿಸಿ, "ಬೇಕಾದ್ರೆ ಇದಕ್ಕೂ ಒಂದು ಬಿಲ್ಲೆ ಕಟ್ಟಿಸ್ಕೊಳ್ಳಿ" ಎಂದು ಅವರ ಕೈಗಿಟ್ಟು ಬೇರು ಜಜ್ಜಲು ಕೂತರು. ಆ ದಿನ ಜಜ್ಜಿದ್ದು ಮಾಮೂಲಿಗಿಂತ ಎರಡರಷ್ಟಿತ್ತು.

ಈಗ ನೀವು ಯಾವ ಸಂಜೆ ಹೋದರೂ ನೋಡಬಹುದು. ಆರು ಹೊಡೆಯುತ್ತಿದ್ದಂತೆ, ಹಿತ್ತಾಳೆ ಗುಂಡಿಯ ಹೊಸ ಕೋಟು ತೊಟ್ಟ ಗೈಡು ಓದುವ ಕೋಣೆಯ ನಡುವೆ ನಿಂತು, ಎಡಗೈಯಲ್ಲಿ ಲೋಟ ಹಿಡಿದು, ತಾವೇ ಕಂಡುಹಿಡಿದ ಕಿರುಬೆರಳನ್ನು ಎತ್ತಿ, ಕುಡಿಯುತ್ತಾರೆ. ಮುಖ ಕೆಂಪೇರುತ್ತದೆ. ಕೆನ್ನೆಯ ಮೇಲೆ ನೀರು ಇಳಿಯುತ್ತದೆ. ಸತ್ತು ಇಷ್ಟು ವರ್ಷವಾದ ನಾಯಕನಿಗಾಗಿ ಒಬ್ಬ ನೌಕರ ಹೀಗೆ ಅಳುವುದನ್ನು ಕಂಡು ಬಂದವರ ಕಣ್ಣೂ ಒದ್ದೆಯಾಗುತ್ತದೆ. ಮೆಟ್ಟಿಲ ಮೇಲಿನ ಮಾಸ್ತರರಂತೂ ತಪ್ಪದೆ ಬಂದು, ಕೆಮ್ಮಿಲ್ಲದ ಗಂಟಲಿನಲ್ಲಿ ಜಯಕಾರ ಹಾಕುತ್ತಾರೆ. ಕೊಬ್ಬಿ ಬೆಳೆದಿದ್ದ ನಿಂಬೆ ಗಿಡ ಮಾತ್ರ ಇತ್ತೀಚೆಗೆ ಯಾಕೋ ಬಾಡುತ್ತಿದೆ ಎಂದು ಇಲಾಖೆ ಚಿಂತೆಯಲ್ಲಿದೆ.

ನಿನ್ನೆಯೂ ಹಾಗೇ ಆಯಿತು. ಮುಂದಿನಕೋಣೆಯವರು ಲೋಟ ಕೆಳಗಿಟ್ಟು, ಉಸಿರೆಳೆದುಕೊಂಡು, ಕೈ ಬೀಸಿ, "ಬನ್ನಿ, ಮುಂದಿನ ಕೋಣೆ" ಎಂದರು.

"ತಡೀರಿ ಗೈಡ್ ಸಾಹೇಬ್ರೇ," ಎಂದಿತು ಕೊನೆಯ ಸಾಲಿನಿಂದ ಒಂದು ಪರಿಚಿತ ದನಿ. "ತಳದಲ್ಲಿ ಇನ್ನೊಂದು ಗುಟುಕಿದೆ."